ತಂತಿಮಾವ ಉತ್ತರ ಕೊಡದ ಬೆಳಗುಗಳು

ತಕ್ಕಡಿ ರಿಪೇರಿ ಮಾಡುವ ನನ್ನ ಭಾವನನ್ನು ನಮ್ಮ ಬೀದಿಯವರೆಲ್ಲ ಕರೆಯುವುದು ತಂತಿಮಾವ ಎಂದೇ. ಭಾವ ಅಂದರೆ ರಕ್ತಸಂಬಂಧವಲ್ಲ. ಅವನ ಹೆಂಡತಿ ನನ್ನನ್ನು ಬಾಯಿತುಂಬ ಅಣ್ಣ ಅನ್ನುತ್ತಾಳೆ, ಆ ಲೆಕ್ಕದಲ್ಲಿ ಅವನು ನನಗೆ ಭಾವ, ನಾನು ಅವನಿಗೆ ಭಾವ. ಅವನ ಮನೆಯ ತಾರಸಿಯಿಂದ ನನ್ನ ಹೊಲಿಗೆ ಯಂತ್ರದ ಅಂಗಡಿಯ ತಾರಸಿಗೆ ಒಂದು ತಾಮ್ರದ ತಂತಿ ಎಳೆದಿದೆ. ಅದರ ಮೇಲೆ ಕಾಗೆ ಕೂತರೂ ಓಡಿಬಂದು ಬಯ್ಯುತ್ತಾನೆ. ಅದು ಅವನ ಹ್ಯಾಮ್ ರೇಡಿಯೋದ, ಅಂದರೆ ಹವ್ಯಾಸಿಗಳು ದೂರದವರ ಜೊತೆ ಮಾತಾಡುವ ರೇಡಿಯೋದ ತಂತಿ. ಹಗಲೆಲ್ಲ ಅಂಗಡಿಯವರ ತಕ್ಕಡಿ ಸರಿಮಾಡುವ ಈ ಮನುಷ್ಯ ಬೆಳಗ್ಗೆ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಅಡುಗೆಮನೆ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು, ಹಿತ್ತಾಳೆಯ ಕೀ ಮೇಲೆ ಬೆರಳಿಟ್ಟು, ಟಕ್ ಟಕಾಟಕ್ ಎಂದು ಚುಕ್ಕೆ ಗೆರೆಗಳ ಮೋರ್ಸ್ ಭಾಷೆಯಲ್ಲಿ ಮಾತಾಡುತ್ತಾನೆ.

ಮಾತಾಡುವುದು ಒಬ್ಬನ ಜೊತೆ. ಬೆಟ್ಟಗಳ ಆಚೆ, ಎಷ್ಟೋ ಊರು ದಾಟಿ, ಒಬ್ಬ ಬೇಕರಿಯವನಿದ್ದಾನೆ. ಬ್ರೆಡ್ಡನ್ನು ಭಟ್ಟಿಗೆ ತಳ್ಳಿ, ಅದು ಬೇಯುವಷ್ಟು ಹೊತ್ತು ಅವನೂ ಕೀ ಹಿಡಿಯುತ್ತಾನೆ. ಯೌವನದಿಂದ ನಡೆದುಬಂದ ಗೆಳೆತನ, ಆದರೆ ಒಬ್ಬರ ಮುಖ ಒಬ್ಬರು ಕಂಡಿಲ್ಲ. ಫೋನ್ ನಂಬರು ಕೂಡ ಇಸ್ಕೊಂಡಿಲ್ಲ. ಒಮ್ಮೆ ಕೇಳಿದ್ದಕ್ಕೆ ನನ್ನ ಮೇಲೇ ಹರಿಹಾಯ್ದ: "ಫೋನಲ್ಲಿ ಮಾತಾಡೋ ಹಾಗಿದ್ರೆ ನಾವಿಬ್ರೂ ಇಷ್ಟು ತಂತಿ ಯಾಕಯ್ಯಾ ಕಟ್ಕೋಬೇಕಿತ್ತು?" ಆ ಜಂಬವೇ ಮುಂದೆ ಅವನ ಕುತ್ತಿಗೆಗೆ ಬಂತು.

ರೇಡಿಯೋದಲ್ಲಿ ಮಾತಾಡುವುದಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಅದರ ಜೊತೆಗೆ ಒಂದು ಕಾಲ್‌ಸೈನ್ ಕೊಡುತ್ತಾರೆ, ಅಕ್ಷರ ಅಂಕಿ ಸೇರಿದ ಗುರುತು. ಗಾಳಿಯಲ್ಲಿ ಅದೇ ಹೆಸರು, ಅದೇ ಕುಲಗೋತ್ರ. ಅವಧಿ ಮುಗಿಯುವ ಮುಂಚೆ ನವೀಕರಿಸದಿದ್ದರೆ ಕೀ ಮುಟ್ಟುವ ಹಾಗಿಲ್ಲ. ತಡವಾಗಿ ಬಂದ ಅರ್ಜಿಯನ್ನು ಒಪ್ಪುವುದೂ ಬಿಡುವುದೂ ಅಧಿಕಾರಿಗೆ ಬಿಟ್ಟಿದ್ದು. ಒಪ್ಪದಿದ್ದರೆ ಮತ್ತೆ ಪರೀಕ್ಷೆಗೆ ಕೂರಬೇಕು, ಹಳೇ ಕಾಲ್‌ಸೈನ್ ಕೈಬಿಟ್ಟು ಹೋಗುತ್ತದೆ. ತಂತಿಮಾವನ ಎಡಗಿವಿ ಈಗ ಅರ್ಧ ರಜೆಯಲ್ಲಿದೆ, ಬಲಗೈ ಚಹಾ ಲೋಟ ಎತ್ತಿದರೆ ತಟ್ಟೆಗೆ ತಾಳ ಹಾಕುತ್ತದೆ. ಪರೀಕ್ಷೆ ಅಂದರೆ ಅವನಿಗೆ ಮುಗಿದ ಕತೆ.

ಮಗಳು ತಿಂಗಳ ಮುಂಚೆಯೇ ಅರ್ಜಿ ಹಾಕೋಣ ಅಂದಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಅವಳು, ಎಲ್ಲದರಲ್ಲೂ ಹೊತ್ತಿಗೆ ಸರಿ. ಇವನು ಬಿಡಬೇಕಲ್ಲ! "ಇರೋ ಲೈಸೆನ್ಸನ್ನ ಕೊನೇ ದಿನದ ತನಕ ಉಂಡು ಮುಗಿಸ್ತೀನಿ. ಎಂಜಲು ಯಾಕೆ ಬಿಡ್ಲಿ?" ಅಂದ.

ಕೊನೇ ದಿನ ಬಂತು. ತಂತಿಮಾವ ನಸುಕಿನಲ್ಲೇ ಎದ್ದು, ರೇಡಿಯೋ ಕೋಣೆಯ ಗೋಡೆ ಗಡಿಯಾರ ನೋಡಿ, ಮಗಳನ್ನು ಕರೆದ. "ಬಾರಮ್ಮ, ಇವತ್ತು ಹಾಕಿಬಿಡೋಣ."

ಮಗಳು ಕಂಪ್ಯೂಟರ್ ತೆರೆದಳು, ನೋಡಿದಳು, ಮುಖ ಬಿಳುಚಿಕೊಂಡಿತು. "ಅಪ್ಪಾ, ಅವಧಿ ನಿನ್ನೆಗೇ ಮುಗಿದಿದೆ."

"ಏಯ್, ಕಣ್ಣು ಕಾಣಲ್ವಾ? ಗಡಿಯಾರದಲ್ಲಿ ತಾರೀಕು ನೋಡು."

ಹ್ಯಾಮ್‌ನವರ ಗಡಿಯಾರ ನಮ್ಮ ಗಡಿಯಾರವಲ್ಲ. ಯಾವ ದೇಶದವರು ಮಾತಾಡಿದರೂ ಲೆಕ್ಕ ತಪ್ಪಬಾರದು ಅಂತ ಅವರು ಇಡೀ ಜಗತ್ತಿಗೆ ಒಂದೇ ಹೊತ್ತು ಇಟ್ಟುಕೊಂಡಿರುತ್ತಾರೆ. ಆ ಗಡಿಯಾರದಲ್ಲಿ ತಾರೀಕು ಬದಲಾಗುವುದು ನಮ್ಮಲ್ಲಿ ಬೆಳಗಿನ ಐದೂವರೆಗೆ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ, ಮನೆಯ ಕ್ಯಾಲೆಂಡರ್ ಒಂದು ಇದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಜಗತ್ತಿನ ಲೆಕ್ಕದಲ್ಲಿ ಇನ್ನೂ ಕೊನೇ ದಿನ. ಕಚೇರಿಯ ಲೆಕ್ಕದಲ್ಲಿ ಅವನು ಆಗಲೇ ಬಾಯಿಲ್ಲದವನು.

ತಂತಿಮಾವ ಕುರ್ಚಿಯಲ್ಲಿ ಕುಸಿದ. ಹೆಂಡತಿ ಚಹಾ ತಂದಿಟ್ಟು, "ಹೋಗ್ಲಿ ಬಿಡಿ, ಇನ್ಮೇಲೆ ಆ ತಂತಿ ಬಟ್ಟೆ ಒಣಗಿಸೋಕಾದ್ರೂ ಆಯ್ತು" ಅಂದಳು. ನಗಿಸೋಣ ಅಂತ ಅಂದಿದ್ದು. ಅವನು ತಿರುಗಿ ಬಯ್ಯಲೂ ಇಲ್ಲ. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಮಗಳು ತಡವಾದ ಕಾರಣ ಬರೆದು ಅರ್ಜಿ ಕಳಿಸಿದಳು. ಉತ್ತರ ಬರುವ ತನಕ ರೇಡಿಯೋ ಕೇಳಬಹುದು, ಕೇಳುವುದಕ್ಕೆ ಅಡ್ಡಿಯಿಲ್ಲ. ಒಂದು ಚುಕ್ಕೆ ಕೂಡ ಕಳಿಸುವ ಹಾಗಿಲ್ಲ. ಗಾಳಿಯನ್ನು ಕಾಯುವ ಸರ್ಕಾರದ ಕೇಂದ್ರಗಳಿವೆ, ಅಲ್ಲಿ ಕಿವಿ ನೆಟ್ಟುಕೊಂಡು ಕೂತಿರುತ್ತಾರೆ. ಸಿಕ್ಕಿಬಿದ್ದರೆ ನವೀಕರಣದ ಆಸೆಗೂ ಎಳ್ಳುನೀರು.

ಮರುದಿನ ಬೆಳಗ್ಗೆ ನಾನು ಅವನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ರೇಡಿಯೋದಿಂದ ಪೀ ಪೀಪೀ ಎಂದು ಶುರುವಾಯಿತು.

"ಕರೀತಿದ್ದಾನೆ," ಅಂದ ತಂತಿಮಾವ.

"ಏನಂತೆ?"

"ನನ್ನ ಕಾಲ್‌ಸೈನ್ ಹೇಳಿ, ಇದ್ದೀಯಾ ಅಂತಿದ್ದಾನೆ." ಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಕರೆ. ಆಮೇಲೆ ರೇಡಿಯೋದಲ್ಲಿ ಬರೀ ಗಾಳಿಯ ಸರಸರ ಉಳಿಯಿತು. "ಬ್ರೆಡ್ ತೆಗೆಯೋಕೆ ಹೋದ," ಅಂದ.

ಹೀಗೇ ಬೆಳಗಾದರೆ ಕರೆ, ಬೆಳಗಾದರೆ ಸಂಕಟ. ಅವನು ಉಣ್ಣುವುದು ಬಿಟ್ಟ. ಒಬ್ಬ ತರಕಾರಿಯವಳ ತಕ್ಕಡಿಯನ್ನು ಸರಿಮಾಡಿಕೊಡಲು ಹೋಗಿ ಇನ್ನಷ್ಟು ಕೆಡಿಸಿದ. ಅವಳು, "ಇದ್ರಲ್ಲಿ ತೂಗಿದ್ರೆ ನಾನು ಮನೆ ಮಾರಬೇಕಾಗುತ್ತೆ ಮಾವ" ಅಂತ ಬಾಯಿ ಮಾಡಿದಳು. ಒಂದು ಸಂಜೆ ಅವನೇ ಕೀಯನ್ನು ಹಲಗೆಯಿಂದ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ನನ್ನ ಅಂಗಡಿಗೆ ತಂದ.

"ಭಾವ, ಇದನ್ನ ನಿನ್ನ ಹತ್ರ ಇಟ್ಕೋ. ನಾನು ಬಂದು ಕೇಳಿದ್ರೂ ಕೊಡಬೇಡ."

ಬಾಬಿನ್ ಇಡುವ ಡ್ರಾಯರಿನಲ್ಲಿಟ್ಟು ಮುಚ್ಚಿದೆ. ಬೆಳಗ್ಗೆ ಅಂಗಡಿ ಬಾಗಿಲು ಎತ್ತುವಷ್ಟರಲ್ಲಿ ಪಂಚೆಯನ್ನೂ ನೆಟ್ಟಗೆ ಸುತ್ತಿಕೊಳ್ಳದೆ ಬಂದು ನಿಂತಿದ್ದ.

"ಕೊಡು."

"ಕೊಡಬೇಡ ಅಂದವನು ನೀನೇ."

"ಬರೀ ಇದ್ದೀನಿ ಅಂತ ಒಂದು ಮಾತು ಕಣೋ. ಅಷ್ಟು ಚಿಕ್ಕದು ಯಾರ ಕಿವಿಗೆ ಬೀಳುತ್ತೆ?"

"ಬೆಟ್ಟದಾಚೆಗೆ ಕೇಳಿಸೋದು ಸರ್ಕಾರಕ್ಕೆ ಕೇಳಿಸಲ್ವಾ?"

"ನನಗೆ ಏನೋ ಆಗಿದೆ ಅಂದ್ಕೊಳ್ತಾನೆ. ನಮ್ಮಲ್ಲಿ ಒಬ್ಬನ ಕೀ ಸುಮ್ಮನಾದ್ರೆ ಅವನು ಸತ್ತ ಅಂತಲೇ ಲೆಕ್ಕ. ನಿನಗೆ ಕರುಳಿಲ್ವಾ?"

"ಕರುಳಿದೆ, ಅದಕ್ಕೇ ಕೊಡಲ್ಲ. ಮನೆಗೆ ಹೋಗಿ ಪಂಚೆ ಸರಿಯಾಗಿ ಕಟ್ಕೋ, ಬೀದಿ ನೋಡ್ತಿದೆ."

ಕಲ್ಲೆದೆಯವನು ಅಂತ ಬೈದುಕೊಂಡು ಹೋದ. ಆ ದಿನವೆಲ್ಲ ನನ್ನ ಕೈಗೂ ಕೆಲಸ ಹತ್ತಲಿಲ್ಲ.

ಕೊನೆಗೂ ಖುದ್ದಾಗಿ ಬರುವಂತೆ ಕಚೇರಿಯಿಂದ ಕರೆ ಬಂತು. ಹೊರಡುವ ದಿನ ಬೆಳಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ರೇಡಿಯೋ ಕೇಳಿದ. ಬೇಕರಿಯವನು ಅಂದು ಇದ್ದೀಯಾ ಅಂತ ಕೇಳಲಿಲ್ಲ, ಏನೋ ಹೇಳಿ ಮುಗಿಸಿದ. ತಂತಿಮಾವನ ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು.

"ಏನಂತೆ?" ಅಂದಳು ಹೆಂಡತಿ.

"ಇನ್ಮೇಲೆ ಕರೆಯಲ್ವಂತೆ. ಹೋಗಿ ಬಾ ಅಣ್ಣ, ಅಂದ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಮಾತ್ರ ಉಳಿದ ಗುಂಡಿಗಳನ್ನು ಹಾಕಿಕೊಂಡು, ಒಂದು ಗುಂಡಿ ಹೆಚ್ಚುಕಮ್ಮಿಯಾದದ್ದು ಗೊತ್ತಾಗದೆ, ನನ್ನ ಜೊತೆ ಬಸ್ಸು ಹತ್ತಿದ.

ಕಚೇರಿಯಲ್ಲಿ ಕಡತಗಳ ಧೂಳಿನ ವಾಸನೆ, ಕುಂಟುವ ಬೆಂಚು. ಅಧಿಕಾರಿ ಒಬ್ಬ ಹೆಂಗಸು, ಕನ್ನಡಕ ಹಣೆಯ ಮೇಲೆ. ಅರ್ಜಿ ಓದುತ್ತ ಗಡಿಯಾರದ ಸಂಗತಿಗೆ ಬಂದಾಗ ತುಟಿ ಕಚ್ಚಿ ನಗು ತಡೆದರು. ಮರುಗಳಿಗೆ ಮುಖ ಗಟ್ಟಿಯಾಯಿತು.

"ಅವಧಿ ಮುಗಿದ ಮೇಲೆ ಒಂದು ಸಲನಾದ್ರೂ ಕೀ ಒತ್ತಿದ್ದೀರಾ?"

"ಇಲ್ಲಮ್ಮ."

"ಎಲ್ಲರೂ ಹಾಗೇ ಅಂತಾರೆ."

ಅವರು ಗಾಳಿ ಕಾಯುವ ಕೇಂದ್ರಕ್ಕೆ ಫೋನ್ ಹಚ್ಚಿ ಅವನ ಕಾಲ್‌ಸೈನ್ ಹೇಳಿದರು. ಆ ಕಡೆಯ ಮಾತು ನಮಗೆ ಕೇಳಿಸುತ್ತಿರಲಿಲ್ಲ. ಹೂಂ, ಹೂಂ ಅನ್ನುತ್ತಿದ್ದರು. ತಂತಿಮಾವ ಡಬ್ಬಿಯಲ್ಲಿದ್ದ ಪೆನ್ನುಗಳನ್ನು ಎಣಿಸುತ್ತ ಕೂತಿದ್ದ. ತಪ್ಪು ಮಾಡದವನಿಗೂ ಅಂಥ ಹೊತ್ತಿನಲ್ಲಿ ತನ್ನ ಮೇಲೆ ತನಗೇ ಗುಮಾನಿ ಬರುತ್ತದೆ. ನನಗೇ ಬಂತು. ಡ್ರಾಯರಿಗೆ ಬೀಗವಿರಲಿಲ್ಲ.

ಫೋನ್ ಇಟ್ಟು ಅವರು ಅವನನ್ನೇ ನೋಡಿದರು. "ದಿನಾ ಬೆಳಗ್ಗೆ ಯಾರೋ ನಿಮ್ಮನ್ನ ಕರೀತಿದ್ರಂತೆ. ಒಂದು ಸಲವೂ ನಿಮ್ಮಿಂದ ಉತ್ತರ ಬಂದಿಲ್ವಂತೆ. ಕೇಂದ್ರದವರೇ ಬೇಜಾರು ಮಾಡ್ಕೊಂಡಿದ್ದಾರೆ. ನಿಮಗೆ ಅದು ಕೇಳಿಸ್ತಿತ್ತಾ?"

"ಪ್ರತಿಯೊಂದು ಅಕ್ಷರ," ಅಂದ. ಅಷ್ಟೇ.

ಅವರು ಕನ್ನಡಕ ಕಣ್ಣಿಗೆ ಇಳಿಸಿಕೊಂಡು ರುಜು ಹಾಕಿದರು. "ನಾಳೆಯಿಂದ ಮಾತಾಡಿ. ಮೊದಲು ಗೋಡೆಗೆ ಇನ್ನೊಂದು ಗಡಿಯಾರ ಹಾಕಿ. ಆ ಗುಂಡಿನೂ ಸರಿಮಾಡ್ಕೊಳ್ಳಿ."

ಮರುದಿನ ನಾನೇ ಕೀ ಒಯ್ದು ಕೊಟ್ಟೆ. ಮಗಳು ಪಾಳಿ ಮುಗಿಸಿ ಬಂದವಳು ಮಲಗದೆ ನಿಂತಿದ್ದಳು. ತಂತಿಮಾವ ಕೀಯನ್ನು ಹಲಗೆಗೆ ಬಿಗಿದು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಗಾಳಿಯ ಸರಸರ. "ಇನ್ಮೇಲೆ ಕರೆಯಲ್ಲ ಅಂದವನು ರೇಡಿಯೋ ಯಾಕೆ ಹಾಕ್ತಾನೆ?" ಅಂದಳು ಹೆಂಡತಿ. ಮೂರನೇ ಸಲ ಬೆರಳು ಎಷ್ಟು ನಡುಗಿತೆಂದರೆ ಕೀಯ ಸದ್ದು ನನ್ನಂಥವನಿಗೂ ಒಡಕಲಾಗಿ ಕೇಳಿಸಿತು.

ಆಗ ಪೀ ಎಂದಿತು. ಬಿರುಸಾದ, ಸಿಟ್ಟಿನ ಸದ್ದು.

"ಯಾರು ನೀನು ಅಂತಿದ್ದಾನೆ," ಅಂದ ತಂತಿಮಾವ, ಮುಖ ಬೂದಿಯಾಗಿ. "ಸತ್ತವನ ಕಾಲ್‌ಸೈನ್ ಹಾಕ್ಕೊಂಡು ಆಟ ಆಡ್ತೀಯಾ ಅಂತ ಬೈತಿದ್ದಾನೆ. ನನ್ನ ಕೈ ಅವನಿಗೆ ಗುರುತು ಸಿಗ್ತಿಲ್ಲ ಭಾವ."

ಬರವಣಿಗೆಯ ಹಾಗೆ ಮೋರ್ಸಿಗೂ ಒಬ್ಬೊಬ್ಬರದು ಒಂದೊಂದು ಕೈ. ಇವನ ಕೈ ನಡುಕದಲ್ಲಿ ಯಾರದೋ ಕೈಯಾಗಿತ್ತು.

"ನೀನೇ ಅಂತ ಅವನಿಗೆ ಗೊತ್ತಾಗೋ ಹಾಗೆ ಏನೂ ಇಲ್ವಾ?" ಅಂದೆ.

ಯೋಚಿಸಿದ. ಎಡಗೈಯಿಂದ ಬಲಮಣಿಕಟ್ಟನ್ನು ಮೇಜಿಗೆ ಅದುಮಿ ಹಿಡಿದು, ಕಾಲ್‌ಸೈನ್ ನಿಧಾನವಾಗಿ ಒತ್ತಿದ. ಕೊನೆಯ ಗೆರೆಯನ್ನು ಬೇಕಾದ್ದಕ್ಕಿಂತ ಉದ್ದಕ್ಕೆ ಎಳೆದ. ಕಲಿಯುವ ಕಾಲದಿಂದ ಇದ್ದ ಕೆಟ್ಟ ಚಾಳಿ ಅದು, ಆ ಬಾಲವನ್ನು ಹಿಡಿದು ಬೇಕರಿಯವನು ಅವನನ್ನು ಗೋಳುಹೊಯ್ದುಕೊಳ್ಳದ ದಿನವಿರಲಿಲ್ಲ.

ಆ ಕಡೆ ಏನೂ ಇಲ್ಲ. ಮಗಳು ಅಪ್ಪನ ಭುಜದ ಮೇಲೆ ಕೈಯಿಟ್ಟಳು. ಏನೂ ಇಲ್ಲ. ನಾನು ಬಾಗಿಲ ಕಡೆ ತಿರುಗಿದ್ದೆ.

ಪೀಪೀ ಪೀ ಎಂದು ಶುರುವಾಗಿ, ತಡವರಿಸಿ, ನಿಂತು, ಮತ್ತೆ ಬಂತು. ತಂತಿಮಾವ ಕಿವಿಯನ್ನು ರೇಡಿಯೋಗೆ ಹಚ್ಚಿ ಕೇಳಿದ. ಕಣ್ಣಿನಿಂದ ನೀರು ಸುರಿದು ಗಲ್ಲದ ಬಿಳಿಗೂದಲಲ್ಲಿ ಇಳಿಯುತ್ತಿತ್ತು.

"ಏನಂತಪ್ಪಾ? ಹೇಳಬಾರದಾ?" ಅಂದಳು ಮಗಳು.

"ಅಣ್ಣ, ನಿನ್ನ ಬಾಲಕ್ಕೆ ಬೆಂಕಿ ಬೀಳ್ಲಿ, ನನ್ನ ಬ್ರೆಡ್ಡೆಲ್ಲ ಸೀದುಹೋಯ್ತು, ಅಂತಿದ್ದಾನೆ."