ಕಾಲಿಡಬಾರದ ಹುಲ್ಲು

ಹುಲ್ಲುಹಾಸಿನ ಅಂಚಿನಲ್ಲಿ 'ಹುಲ್ಲಿನ ಮೇಲೆ ಕಾಲಿಡಬಾರದು' ಎಂಬ ಫಲಕವನ್ನು ನೀವೂ ನೋಡಿರುತ್ತೀರಿ. ಲೋಕದಲ್ಲಿ ಕಾಲಿಡಬಾರದ ಜಾಗಗಳಿಗೇನೂ ಕೊರತೆಯಿಲ್ಲ. ಮುಳ್ಳಿನ ಪೊದೆ, ಕೊಚ್ಚೆಗುಂಡಿ, ಅಣ್ಣತಮ್ಮಂದಿರ ಜಗಳ, ಇವುಗಳ ಮುಂದೆ ಯಾರೂ ಫಲಕ ನೆಟ್ಟಿಲ್ಲ. ಕಾಲಿಗೆ ಹಿತವಾದ ಒಂದೇ ಜಾಗದ ಮುಂದೆ ಮಾತ್ರ ಇಷ್ಟು ಕಟ್ಟುನಿಟ್ಟಿನ ಸಾಹಿತ್ಯ ಏಕೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆದರೆ ಅಂಥದೊಂದು ಫಲಕವನ್ನು ಸ್ವಹಸ್ತದಿಂದ ಬರೆದು ನೆಟ್ಟವನೂ ನಾನೇ ಆದ್ದರಿಂದ ಹೆಚ್ಚು ಮಾತಾಡುವ ಅಧಿಕಾರ ನನಗಿಲ್ಲ.

ಆಗ ಜಮಖಂಡಿ ಸಂಸ್ಥಾನ ಮುಗಿದು ಮುಂಬಯಿ ರಾಜ್ಯಕ್ಕೆ ಸೇರಿತ್ತು. ನಾನು ಅಲ್ಲಿನ ಸಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಮೂರು ವರ್ಷದ ಮಗಳು ಕಮಲಿಗೆ ಮಳೆಗಾಲದಲ್ಲಿ ಬಂದ ಜ್ವರ ಇಳಿಯುವಾಗ ಅವಳ ಎಡಗಾಲಿನ ಬಲವನ್ನೂ ಕರೆದುಕೊಂಡು ಹೋಯಿತು. ಮೊದಲ ಸಲ ನಿಲ್ಲಿಸಿದಾಗ ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದು ಗದ್ದ ಒಡೆದುಕೊಂಡಳು. ಅಂದಿನಿಂದ ನೆಲವೆಂದರೆ ಅವಳಿಗೆ ವೈರಿ. ಕಾಲು ಊರಿಸಲು ಹೋದರೆ ಕೊರಳಿಗೆ ಜೋತುಬಿದ್ದು ಚೀರುತ್ತಿದ್ದಳು. ಮಿರಜಿನ ಡಾಕ್ಟರು ಎಣ್ಣೆ ಹಚ್ಚಿ ತಿಕ್ಕಲು ಹೇಳಿದರು, ಬರಿಗಾಲಲ್ಲಿ ನಡೆಸಲು ಹೇಳಿದರು. ಯುಗಾದಿಯೊಳಗೆ ಕಾಲು ಊರದಿದ್ದರೆ ಅದು ಬಡಕಲಾಗಿ ಹಾಗೆಯೇ ಉಳಿದೀತು ಎಂದೂ ಹೇಳಿದರು. ಆ ಮಾತನ್ನು ನಾನೂ ನನ್ನ ಹೆಂಡತಿ ಗಂಗಾಳೂ ಮತ್ತೆ ಬಾಯಿಬಿಟ್ಟು ಆಡಲಿಲ್ಲ.

ಗಂಗಾ ಅಂಗಳದ ತುಂಬ ಕೌದಿ ಹಾಸಿದಳು. ಮಗು ಅದರ ಮೇಲೆ ಸುಖವಾಗಿ ನಿದ್ದೆ ಮಾಡಿತು. ಒಂದು ಸಂಜೆ ಸರಕಾರಿ ಬಂಗಲೆಯ ಮುಂದೆ ಹಾಯುವಾಗ ಕಮಲಿಯನ್ನು ಅಲ್ಲಿನ ಹುಲ್ಲಿನ ಮೇಲೆ ಇಳಿಬಿಟ್ಟೆ. ಹುಲ್ಲು ಅಂಗಾಲಿಗೆ ಕಚಗುಳಿಯಿಟ್ಟಿರಬೇಕು. ಕಾಲನ್ನು ಮೇಲೆಳೆದುಕೊಂಡಳು, ನಕ್ಕಳು, ತಾನೇ ಮತ್ತೆ ಇಳಿಸಿದಳು. ಅಷ್ಟರಲ್ಲಿ ಕಾವಲುಗಾರ ಬಂದು ಫಲಕದತ್ತ ಬೆರಳು ತೋರಿಸಿದ. ಇಷ್ಟೆಲ್ಲ ಓದಿದ ನಾನು ಅದೊಂದನ್ನು ಓದಿರಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಹುಲ್ಲಿನ ಕೃಷಿ ಆರಂಭವಾಯಿತು. ಹಾಸುಗಲ್ಲು ಕೀಳಿಸಿ, ಅಡಿಯ ಗರಸುಕಲ್ಲು ತೆಗೆಸಿ, ಎರೆಮಣ್ಣು ಉಸುಕು ಕಲಸಿ ಹರವಿ, ಪುಣೆಯಿಂದ ಬೀಜ ತರಿಸಿದೆ. ಕುರಿಗೊಬ್ಬರ ಕೊಟ್ಟ ನೆರೆಮನೆಯ ಬೀರಪ್ಪ, ಕುರಿ ಮೇಯಿಸುವ ಮನೆತನದವನು, ಬಹಳ ಹೊತ್ತು ನಿಂತು ನೋಡಿದ.

"ಹುಲ್ಲ ಬಿತ್ತಾಕತ್ತೀರೇನ್ರಿ ಮಾಸ್ತರ?"

"ಹೌದಪಾ."

"ಮತ್ತ ಮೇಯಾಕ ಏನ ಕಟ್ಟಾವ್ರು?"

ಬಿತ್ತಿದ ಮೇಲೆ ನನಗೆ ಇರುವೆಗಳ ಮೇಲೆ ಅನುಮಾನ, ಗುಬ್ಬಿಗಳ ಮೇಲೆ ದ್ವೇಷ, ಬಾವಿಯ ನೀರಿನ ಮೇಲೆ ಕಣ್ಣು. ಬೆಳಗಾದರೆ ಮೊಣಕಾಲೂರಿ ಮಣ್ಣಿಗೆ ಮೂಗು ತಾಗಿಸಿ ಹಸಿರು ಹುಡುಕುವ ನನ್ನ ಭಂಗಿಯನ್ನು ಕಂಡ ದಾರಿಹೋಕರು ಮಾಸ್ತರ ಯಾವುದೋ ಹೊಸ ವ್ರತ ಹಿಡಿದಿದ್ದಾರೆಂದು ತಿಳಿದರು. ಕೊನೆಗೊಂದು ದಿನ ನೆಲದ ಮೇಲೆ ಹಸಿರಿನ ಛಾಯೆ ಕಂಡಿತು. ಸಂಕ್ರಾಂತಿಯ ಹೊತ್ತಿಗೆ ಬೆರಳುದ್ದ ಬೆಳೆಯಿತು. ಇನ್ನು ಒಂದು ವಾರ, ಬೇರು ಹಿಡಿಯಲಿ ಎಂದು ಕಾದೆವು.

ಆ ವಾರದಲ್ಲಿಯೇ ಬೀಳಗಿಯ ಕಡೆಯ ಹಳ್ಳಿಯಿಂದ ನನ್ನ ಅವ್ವ ಮೊಮ್ಮಗಳನ್ನು ನೋಡಲು ಬಂದಳು. ನಾನು ಸಾಲೆಯಲ್ಲಿದ್ದೆ, ಗಂಗಾ ಮಗುವನ್ನೆತ್ತಿಕೊಂಡು ಎಣ್ಣೆ ತಿಕ್ಕಿಸಲು ಹೋಗಿದ್ದಳು. ಅವ್ವನದು ಹುಟ್ಟಿದಾಗಿನಿಂದ ಜೋಳದ ಹೊಲದಲ್ಲಿ ಕಸ ತೆಗೆದ ಕೈ. ಹುಲ್ಲನ್ನು ಕಂಡು ಸುಮ್ಮನೆ ಕೂಡುವುದು ಅವ್ವನಿಗೆ ಎಂಜಲು ತಟ್ಟೆ ಕಂಡು ಸುಮ್ಮನೆ ಕೂತಷ್ಟೇ ಅಸಾಧ್ಯ. ನಾನು ಬಂದಾಗ ಕಸ ಕೀಳುವ ಕುರ್ಚಿಗಿಯನ್ನು ಪಕ್ಕಕ್ಕಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದಳು.

"ಮನಿ ಮುಂದ ಇಷ್ಟ ಕಸಾ ಬೆಳಸ್ಕೊಂಡ ಕುಂತೀರಲ್ಲೋ. ಎಲ್ಲಾ ತಗದ ಸ್ವಚ್ಛ ಮಾಡೇನಿ ನೋಡು."

ನೆಲ ಅಂಗೈಯಷ್ಟು ಸ್ವಚ್ಛವಾಗಿತ್ತು. ಗಂಗಾ ಬಂದವಳು ನೋಡಿ ಅತ್ತುಬಿಟ್ಟಳು. ಸಂಗತಿ ತಿಳಿದ ಮೇಲೆ ಅವ್ವ ಆ ದಿನ ರೊಟ್ಟಿ ಮುಟ್ಟಲಿಲ್ಲ, ಊರಿಗೂ ಮರಳಲಿಲ್ಲ.

ಉಳಿದಿದ್ದ ಬೀಜವನ್ನು ಮತ್ತೆ ಬಿತ್ತಿದೆ. ಅದು ಅಂಗಳದ ಅರ್ಧಕ್ಕೂ ಸಾಲಲಿಲ್ಲ. ಬಿಸಿಲು ಏರುತ್ತಿತ್ತು, ಬಾವಿ ಇಳಿಯುತ್ತಿತ್ತು, ಯುಗಾದಿ ಬರುತ್ತಿತ್ತು. ಆ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ; ಕಮಲಿಯ ಕಾಲನ್ನು ಕಣ್ಣಿನಿಂದಲೇ ಅಳೆಯುತ್ತ ಹೆದರುತ್ತಿದ್ದೆ. ಬನಹಟ್ಟಿಯ ನೇಕಾರ ಗೆಳೆಯನೊಬ್ಬ ಕೊಟ್ಟಿದ್ದ ಮುರುಕು ಮಗ್ಗದ ಕಾಲನ್ನು ಆಳಕ್ಕೆ ಹೂಳಿ, ಅದಕ್ಕೆ ಹಲಗೆ ಬಡಿದು, 'ಹುಲ್ಲಿನ ಮೇಲೆ ಕಾಲಿಡಬಾರದು' ಎಂದು ದುಂಡಗೆ ಬರೆದೆ. ಅವ್ವನಿಗೆ ಓದು ಬಾರದು, ಗುಬ್ಬಿಗೂ ಬಾರದು; ಓದು ಬಲ್ಲವರು ನಮ್ಮ ಅಂಗಳಕ್ಕೆ ಬರುವುದೇ ಅಪರೂಪ. ಅವ್ವನಂತೂ ಫಲಕಕ್ಕಿಂತ ಮಿಗಿಲಾದಳು. ಜೋಳದ ತೆನೆ ಕಾಯುವಂತೆ ಕಟ್ಟೆಯ ಮೇಲೆ ಕುಳಿತು, "ಹಾಯ್, ಹಾಯ್" ಎಂದು ಗುಬ್ಬಿ ಓಡಿಸುತ್ತಿದ್ದಳು. ಹುಲ್ಲು ಮತ್ತೆ ಬಂದಿತು. ಕಮಲಿ ಹೊಸ್ತಿಲಲ್ಲಿ ಕುಳಿತು ಕೈ ಚಾಚಿದರೆ ನಾವು ಮೂವರೂ ಒಟ್ಟಿಗೆ ಗದರುತ್ತಿದ್ದೆವು. ಯಾರ ಕಾಲಿಗಾಗಿ ಹುಲ್ಲು ಬೆಳೆಸಿದೆವೋ ಅವಳ ಕಾಲೇ ತಾಕದಂತೆ ಅದನ್ನು ಕಾಯುತ್ತಿದ್ದ ನಮ್ಮ ಬುದ್ಧಿಗೆ ಏನೆನ್ನುತ್ತೀರಿ? ಯುಗಾದಿಗೆ ನಾಲ್ಕಾರು ದಿನ ಉಳಿದಿದ್ದರೂ ನಾನು "ಇನ್ನಷ್ಟು ಬೇರು ಹಿಡೀಲಿ" ಎನ್ನುತ್ತಲೇ ಇದ್ದೆ.

ಒಂದು ಮಧ್ಯಾಹ್ನ ಸಾಲೆಯಿಂದ ಬಂದು ಅಂಗಳದ ಬಾಗಿಲ ಬಳಿ ಸೈಕಲ್ ನಿಲ್ಲಿಸಿದವನು ಹಾಗೆಯೇ ನಿಂತುಬಿಟ್ಟೆ. ಕಟ್ಟೆಯ ಮೇಲೆ ಅವ್ವನಿಗೆ ಜೊಂಪು ಹತ್ತಿತ್ತು. ಬೀರಪ್ಪನ ಕುರಿಮರಿಯೊಂದು ನಮ್ಮ ಹುಲ್ಲಿನ ನಡುವೆ ನಿಂತು ಮೇಯುತ್ತಿತ್ತು. ಕಮಲಿ ಹೊಸ್ತಿಲು ದಾಟಿ, ತೆವಳುತ್ತ ಫಲಕದ ತನಕ ಬಂದು, ಮಗ್ಗದ ಕಾಲನ್ನು ಎರಡೂ ಕೈಯಿಂದ ತಬ್ಬಿ, ಎದ್ದು ನಿಂತಿದ್ದಳು.

"ಹಾಯ್," ಎಂದಳು ಅಜ್ಜಿಯಂತೆಯೇ. ಮರಿ ಕದಲಲಿಲ್ಲ.

ಅವ್ವನಿಗೆ ಎಚ್ಚರವಾಯಿತು. ಓಡಹೊರಟ ನನ್ನನ್ನು ಕಣ್ಣಿನಲ್ಲೇ ತಡೆದು, "ಸುಮ್ಮನಿರೋ," ಎಂದು ಪಿಸುಗುಟ್ಟಿದಳು.

ಕಮಲಿ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದನ್ನೂ ಬಿಟ್ಟಳು. ಎಡಗಾಲು ನಡುಗುತ್ತಿದ್ದುದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಬಲಗಾಲು ಮುಂದಿಟ್ಟಳು, ಎಡಗಾಲನ್ನು ಎಳೆದುಕೊಂಡಳು, ಮತ್ತೊಮ್ಮೆ ಬಲಗಾಲಿಟ್ಟು ಮುಗ್ಗರಿಸಿ ಬಿದ್ದಳು. ಅಳುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದಂತಿತ್ತು. ಅಂಗೈ ನೋಡಿಕೊಂಡಳು, ರಕ್ತವಿರಲಿಲ್ಲ, ಹಸಿರು ಮೆತ್ತಿತ್ತು. ಮತ್ತೆ ತೆವಳುತ್ತ ಫಲಕದ ಬಳಿ ಹೋಗಿ ಅದನ್ನು ಹಿಡಿದು ಎದ್ದಳು. ನನ್ನ ಕಣ್ಣು ಮಂಜಾಗಿದ್ದರಿಂದ ಎರಡನೆಯ ಸಲದ ನಡಿಗೆ ನನಗೆ ಸರಿಯಾಗಿ ಕಾಣಲಿಲ್ಲ.

ಮರಿಯನ್ನು ಹುಡುಕಿಕೊಂಡು ಬಂದ ಬೀರಪ್ಪ ನಾಚಿದ. "ತಪ್ಪಾತ್ರಿ. ನಾಳಿಂದ ಕಟ್ಟಿ ಹಾಕತೀನ್ರಿ."

"ಕಟ್ಟಬ್ಯಾಡ್ರಿ," ಎಂದಳು ಒಳಗಿನಿಂದ ಬಂದ ಗಂಗಾ, ಮಗುವಿನ ಅಂಗೈ ಒರೆಸುತ್ತ. "ನಾಳಿಗೂ ಕಳಸ್ರಿ."

ಕಮಲಿ ಇಂದಿಗೂ ಎಡಗಾಲನ್ನು ತುಸು ಎಳೆದೇ ನಡೆಯುತ್ತಾಳೆ, ಆದರೆ ನನಗಿಂತ ಬೇಗ ನಡೆಯುತ್ತಾಳೆ. ನಮ್ಮ ಹುಲ್ಲು ಆ ಬೇಸಗೆಯನ್ನು ದಾಟಲಿಲ್ಲ. ಹೊಸ್ತಿಲಿನಿಂದ ಫಲಕದ ತನಕವಂತೂ ಅವಳೂ ಮರಿಯೂ ಸೇರಿ ಅದನ್ನು ಪೂರ್ತಿ ಸವೆಸಿಬಿಟ್ಟಿದ್ದರು. ಹಲಗೆಯ ಮೇಲಿನ ಅಕ್ಷರ ಮೊದಲ ಮಳೆಗೆ ತೊಳೆದುಹೋಯಿತು. ಈಗಲೂ ಊರೂರಿನ ತೋಟಗಳಲ್ಲಿ ಅಂಥ ಫಲಕ ಕಂಡರೆ ನಾನು ಹತ್ತಿರ ಹೋಗುತ್ತೇನೆ. ಅದರಲ್ಲಿ ಏನು ಬರೆದಿದೆಯೆಂಬುದು ನನಗೆ ಮುಖ್ಯವಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಒಂದು ಮಗು ಹಿಡಿದು ಎದ್ದು ನಿಲ್ಲುವಷ್ಟು ಗಟ್ಟಿಯಾಗಿದೆಯೇ ಎಂದು ಅದರ ಗೂಟವನ್ನು ಅಲುಗಾಡಿಸಿ ನೋಡುತ್ತೇನೆ.