ಗಾಳಿಯತ್ತ ಹೊರಳುವ ಕೋಣೆ

ಮೊನ್ನೆ ಕಾಫಿ ಕಣ ಮಟ್ಟ ಮಾಡಲು ಬಂದಿದ್ದ ಜೆಸಿಬಿಯ ಹೋಸ್ ಒಡೆದು ಹೈಡ್ರಾಲಿಕ್ ಎಣ್ಣೆ ಚಿಮ್ಮಿತು. ಡ್ರೈವರ್ ಗೊಣಗಿಕೊಂಡು ಕೆಳಗಿಳಿದ. ನಾನು ಆ ವಾಸನೆಗೆ ಹಿಂದೆ ಸರಿದು ನಿಂತೆ.

ಮೂಡಿಗೆರೆಯ ಈ ತೋಟಕ್ಕೆ ಬರುವ ಮೊದಲು ನಾನು ಬಯಲುಸೀಮೆಯ ಗುಡ್ಡಗಳಲ್ಲಿ ಗಾಳಿಯಂತ್ರ ಹತ್ತಿ ರಿಪೇರಿ ಮಾಡುತ್ತಿದ್ದೆ ಎಂದರೆ, ಈಗಿನ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ. ಜೊತೆಗಿದ್ದವಳು ವಸ್ತಾರೆಯ ಶೋಭಾ. ಅವಳಪ್ಪ ಎಸ್ಟೇಟಿನಲ್ಲಿ ಮೇಸ್ತ್ರಿ. ದೂರದಿಂದ ನೀವು ರೆಕ್ಕೆ ಸುತ್ತುವುದನ್ನಷ್ಟೇ ನೋಡಿರುತ್ತೀರಿ. ಗಾಳಿ ದಿಕ್ಕು ಬದಲಿಸಿದರೆ ಗೋಪುರದ ತುದಿಯ ಯಂತ್ರದ ಕೋಣೆಯೇ, ರೆಕ್ಕೆಗಳ ಸಮೇತ, ಅತ್ತ ಹೊರಳಬೇಕು. ದೊಡ್ಡ ಹಲ್ಲುಚಕ್ರದ ಮೇಲೆ ಅದನ್ನು ಹೊರಳಿಸುವುದೂ, ಬ್ರೇಕು ಹಿಡಿದು ನಿಲ್ಲಿಸುವುದೂ ಎಣ್ಣೆಯ ಒತ್ತಡವೇ. ನಮ್ಮದು ಆ ಭಾಗದ ಕೆಲಸ.

ಒಂದು ಬೆಳಿಗ್ಗೆ ಯಂತ್ರ ನಿಲ್ಲಿಸಿ ಶೋಭಾ ಚಕ್ರದ ಹಲ್ಲುಗಳಿಗೆ ಗ್ರೀಸು ಹಚ್ಚುತ್ತಿದ್ದಳು. ಕೋಣೆ ಅಲುಗದಂತೆ ಹಾಕುವ ಬೀಗದ ಪಿನ್ನು ಕೂತಿದೆಯೆಂದು ದೀಪ ತೋರಿಸುತ್ತಿತ್ತು. ಅದು ಪೂರ್ತಿ ಕೂತಿರಲಿಲ್ಲ. ಬ್ರೇಕೊಂದರ ಹೋಸ್ ಒಡೆಯಿತು, ಒತ್ತಡ ಇಳಿಯಿತು, ಗಾಳಿ ಕೋಣೆಯನ್ನು ಮೆಲ್ಲಗೆ ತಳ್ಳತೊಡಗಿತು. ಅವಳ ಅಂಗಿಯ ತೋಳು ಹಲ್ಲಿಗೆ ಸಿಕ್ಕಿ ಕೈಯನ್ನೂ ಎಳೆಯಿತು.

"ಕೂಗ್ಬೇಡ ಮಾರಾಯ, ಪಂಪ್ ಹೊಡಿ!" ಅಂದಳು.

ಕೂಗುತ್ತಿರುವವನು ನಾನೆಂದು ಆಗಲೇ ನನಗೆ ತಿಳಿದದ್ದು. ಒಡೆದ ಹೋಸಿನ ವಾಲ್ವ್ ಮುಚ್ಚಿ, ಉಳಿದ ಬ್ರೇಕುಗಳಿಗೆ ಕೈಪಂಪಿನಿಂದ ಒತ್ತಡ ಕೊಟ್ಟೆ. ಕೋಣೆ ಒಮ್ಮೆ ನರಳಿ ನಿಂತಿತು. ಅಂಗಿಯ ತೋಳು ಕತ್ತರಿಸಿ ಕೈ ಬಿಡಿಸಿದೆವು. ಎರಡು ಬೆರಳಿನ ತುದಿ ಉಳಿಯಲಿಲ್ಲ. ಕೆಳಗಿಳಿಯುವಾಗ ಅವಳು ಹೇಳಿದ್ದು ಇಷ್ಟೇ: "ಅಪ್ಪಂಗೆ ನಾನೇ ಹೇಳ್ತೀನಿ."

ಗಾಯ ಮಾಗಿದ ಮೇಲೆ ಅವಳು ಮತ್ತೆ ಹತ್ತಿದಳು. ನಾನು ಬುಡದವರೆಗೆ ಹೋಗಿ, ತಲೆಯೆತ್ತಿ ನೋಡಿ, ಹತ್ತಲಾರದೆ ಹಿಂತಿರುಗಿದೆ.

ಜೆಸಿಬಿ ಹೋದ ಮೇಲೆ ಅವಳಿಗೆ ಫೋನು ಮಾಡಿದೆ. ಈಗ ಅವಳೇ ಆ ಗುಡ್ಡದ ಗಾಳಿಯಂತ್ರಗಳ ಮೇಲ್ವಿಚಾರಕಿ.

"ಭಯ ಆಗಲ್ವಾ ನಿಂಗೆ?"

"ಆಗತ್ತೆ. ಅದಕ್ಕೇ ದೀಪ ನಂಬಲ್ಲ. ಪಿನ್ನು ಕೂತಿದ್ದು ಕಣ್ಣಾರೆ ನೋಡಿನೇ ಕೈ ಹಾಕೋದು."

ಭಯ ಹೋದವರು ಮಾತ್ರ ಹತ್ತುತ್ತಾರೆಂದುಕೊಂಡು, ನನ್ನ ಭಯ ಹೋಗಲೆಂದು ನಾನು ಇಷ್ಟು ವರ್ಷ ಕಾಯುತ್ತಿದ್ದೆ.

"ನನ್ನನ್ನೊಮ್ಮೆ ಹತ್ತಿಸ್ತೀಯಾ?"

"ಬಾ. ಆದ್ರೆ ಗೋಪುರದ ಲಿಫ್ಟಿಗೆ ಇಷ್ಟೇ ಭಾರ ಅಂತ ಲೆಕ್ಕ ಇದೆ ಮಾರಾಯ, ತೂಕ ಹೇಳು ಮೊದ್ಲು."

ಮರುದಿನ ಆಳುಗಳು ಬರುವ ಮೊದಲೇ ಗೋಡೌನಿನ ಬಾಗಿಲು ತೆಗೆದು, ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತೆ.