ಎರಡನೇ ಬದಿಯ ಸ್ಯಾಕ್ಸೊಫೋನ್

ಸೆವ್ರಿನ್ ಅವರೇ, ನಾನು ನಿಮಗೆ ಸುಳ್ಳು ಹೇಳಿದೆ. ಒಂಬತ್ತು ವರ್ಷಗಳ ಹಿಂದೆ, ಮಣಿಪಾಲದ ನನ್ನ ಮನೆಯ ಸಿಟೌಟಿನಲ್ಲಿ, ನಿಮ್ಮ ಮುಖ ನೋಡಿಕೊಂಡೇ ಹೇಳಿದೆ. ಆ ರೆಕಾರ್ಡಿನ ಎರಡನೇ ಬದಿಯಲ್ಲಿ ಸ್ಯಾಕ್ಸೊಫೋನ್ ಊದಿದವರು ನಿಮ್ಮ ತಂದೆ, ಇನ್ನಂಜೆಯ ಬೋನವೆಂಚರ್ ಮಥಾಯಸ್. ಅದು ನನಗೆ ಗೊತ್ತಿತ್ತು. ನೀವು ಗೇಟು ತೆರೆದು ಒಳಗೆ ಬರುವುದಕ್ಕೆ ಎರಡು ವರ್ಷ ಮೊದಲೇ ಗೊತ್ತಿತ್ತು.

ನಾನು ಎಂತಹ ಮನುಷ್ಯ ಎನ್ನುವುದನ್ನು ನೀವು ತಿಳಿದಿರಬೇಕು. ನೀವು ಇವತ್ತಿಗೂ ನನ್ನನ್ನು ದೊಡ್ಡವರು, ತಿಳಿದವರು ಎಂದೇ ಭಾವಿಸಿದ್ದೀರಿ — ಆ ಮರ್ಯಾದೆಯನ್ನು ಇನ್ನು ಹೊತ್ತುಕೊಳ್ಳಲು ನನ್ನಿಂದ ಆಗುವುದಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು. ಜಾಝ್ ನನ್ನ ಅಹಂಕಾರ. ಎಂ.ಎಸ್ಸಿ.ಗೆಂದು ಬೊಂಬಾಯಿಯಲ್ಲಿದ್ದಾಗ ಸಮುದ್ರದ ಹತ್ತಿರದ ಒಂದು ಬಯಲು ರಂಗಮಂದಿರದಲ್ಲಿ ಮೊದಲ ಸಲ ಕೇಳಿದೆ. ಕೊನೆಯ ಸಾಲಿನಲ್ಲಿ ನಿಂತಿದ್ದೆ. ನುಡಿಸುತ್ತಿದ್ದಂತೆಯೇ ಬೇಸ್ ವಾದಕನ ಒಂದು ತಂತಿ ಕಡಿಯಿತು. ಅವನು ನಕ್ಕ, ಉಳಿದ ಮೂರು ತಂತಿಗಳಲ್ಲೇ ಮುಂದುವರಿಸಿದ. ಪಕ್ಕದಲ್ಲಿ ಪಿಯಾನೊ ನುಡಿಸುತ್ತಿದ್ದವನು ಆ ಕೊರತೆ ಗೊತ್ತಾಗದ ಹಾಗೆ ತನ್ನ ಎಡಗೈಯಿಂದ ತುಂಬಿಕೊಟ್ಟ. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಆ ಇಪ್ಪತ್ತೆರಡರ ಹುಡುಗನಲ್ಲಿ ಏನೋ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಅದನ್ನು ನಾನೇ ಕೆಡಿಸಿದೆ. ಊರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಪ್ರತಿ ರಜೆಯಲ್ಲಿ ಬೊಂಬಾಯಿ ಬಸ್ಸು ಹತ್ತಿ ಹಳೆಯ ರೆಕಾರ್ಡುಗಳ ರಾಶಿಗಳಲ್ಲಿ ಧೂಳು ಕುಡಿಯುತ್ತಾ ಕುಳಿತಿರುತ್ತಿದ್ದೆ. ಒಂದು ಕೋಣೆ ತುಂಬಿತು. ಕೋಣೆ ತುಂಬಿದ ಹಾಗೆ ತಲೆಗೂ ಏರಿತು. ಉಡುಪಿಯಿಂದ ಕಾರ್ಕಳದವರೆಗೆ ಜಾಝ್ ಎಂದರೆ ಏನೆಂದು ತಿಳಿದವನು ನಾನೊಬ್ಬನೇ! ಭಜನೆ ಕೇಳುವವರು, ಸಿನಿಮಾ ಹಾಡು ಕೇಳುವವರು, ಯಕ್ಷಗಾನಕ್ಕೆ ಹೋಗುವವರು — ಇವರನ್ನೆಲ್ಲ ಕಂಡರೆ ನನಗೆ ಕನಿಕರ ಕೂಡ ಹುಟ್ಟುತ್ತಿರಲಿಲ್ಲ, ಬರೀ ತಾತ್ಸಾರ. ಶನಿವಾರ ಸಂಜೆ ನನ್ನ ಮನೆಯಲ್ಲಿ ಆರೇಳು ಜನ ಸೇರುತ್ತಿದ್ದರು. ಇಬ್ಬರು ಡಾಕ್ಟರು, ಒಬ್ಬ ಆರ್ಕಿಟೆಕ್ಟ್, ಉಳಿದವರು ನನ್ನ ಹಾಗೆ ಪಾಠ ಹೇಳುವವರು. ಕಣ್ಣು ಮುಚ್ಚಿ, ತಾಳ ತಪ್ಪಿ ಕಾಲು ಕುಟ್ಟುತ್ತಾ, ನಾನು ಯಾವಾಗ 'ಆಹಾ' ಎನ್ನುತ್ತೇನೋ ಆಗಲೇ ತಾವೂ 'ಆಹಾ' ಎನ್ನುತ್ತಿದ್ದರು. ಅವರ ಮೇಲೂ ನನಗೆ ತಾತ್ಸಾರವೇ. ಆದರೆ ಅವರಿಲ್ಲದೆ ನನಗೆ ಶನಿವಾರ ಕಳೆಯುತ್ತಿರಲಿಲ್ಲ.

ಹಾಗೆ ಸಿಕ್ಕಿದ ಒಂದು ಚಿಕ್ಕ ರೆಕಾರ್ಡು. ಬೊಂಬಾಯಿಯ ಯಾವುದೋ ಹೋಟೆಲಿನ ಬ್ಯಾಂಡು. ಲೇಬಲಿನಲ್ಲಿ ಬ್ಯಾಂಡಿನ ಯಜಮಾನನ ಹೆಸರು ಮಾತ್ರ. ಮೊದಲ ಬದಿ ಸಾಧಾರಣ. ಎರಡನೇ ಬದಿ — ನಡುವಿನಲ್ಲಿ ಒಂದು ಸ್ಯಾಕ್ಸೊಫೋನ್ ಏಳುತ್ತದೆ. ಒಂದೂವರೆ ನಿಮಿಷವೂ ಇಲ್ಲ. ಮೊದಲು ಹಿಂಜರಿದು ನಾಲ್ಕು ಸ್ವರ, ಆಮೇಲೆ ಯಾರನ್ನೋ ಹುಡುಕುತ್ತಾ ಓಣಿ ಓಣಿ ತಿರುಗಿದ ಹಾಗೆ... ಕೊನೆಗೆ ಒಂದು ಕಡೆ ಸ್ವರ ಒಡೆದು ಕೀರಲಾಗಿ ಕೂಗುತ್ತದೆ. ಅದನ್ನು ನಾನು ನೂರಾರು ಸಲ ಕೇಳಿದ್ದೇನೆ.

ಇದನ್ನು ಊದಿದವನು ನಮ್ಮವನಾಗಿರಲು ಸಾಧ್ಯವೇ ಇಲ್ಲ ಎಂದು ನಾನು ತೀರ್ಮಾನಿಸಿದೆ. ಆಧಾರ? ಏನೂ ಇಲ್ಲ, ನನ್ನ ತಾತ್ಸಾರವೊಂದೇ ಆಧಾರ. ಅಮೆರಿಕದಿಂದ ಹಡಗಿನಲ್ಲಿ ಬಂದಿಳಿದು, ಒಂದು ದಿನ ಊದಿ, ಹೆಸರು ಬಿಡದೆ ಹೊರಟುಹೋದ ಒಬ್ಬ ಅಜ್ಞಾತ ಕಪ್ಪು ವಾದಕನನ್ನು ನಾನು ಹುಟ್ಟಿಸಿದೆ. ಶನಿವಾರದವರಿಗೆ ಹೇಳಿದೆ. ಒಂದು ಪತ್ರಿಕೆಗೆ ಉದ್ದದ ಲೇಖನ ಬರೆದೆ. ಆ ಒಡೆದ ಸ್ವರದ ಮೇಲೆಯೇ ಮೂರು ಪ್ಯಾರಾ — ಅದು ಒಂದು ಜನಾಂಗದ ಶತಮಾನಗಳ ಕೂಗು, ಹಾಗೆ, ಹೀಗೆ. ಹೊರದೇಶದ ಇಬ್ಬರು ಸಂಗ್ರಾಹಕರು ಮೆಚ್ಚಿ ಪತ್ರ ಬರೆದರು. ಆ ಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವನು ನಾನು.

ನಿಮ್ಮ ತಂದೆಯನ್ನು ನಾನು ಕಂಡದ್ದು ಕಾರ್ಕಳದಲ್ಲಿ, ನನ್ನ ಸಹೋದ್ಯೋಗಿಯ ಮಗಳ ಮದುವೆಯಲ್ಲಿ. ವೇದಿಕೆಯ ಮೇಲೆ ಬ್ಯಾಂಡಿನವರು, ಎಲ್ಲರಿಗೂ ಮೆರೂನ್ ಕೋಟು. ಎಪ್ಪತ್ತು ದಾಟಿದ, ಕೋಟಿನ ತೋಳು ಉದ್ದವಾದ ಒಬ್ಬರು ಸ್ಯಾಕ್ಸೊಫೋನಿನಲ್ಲಿ ಸಿನಿಮಾ ಹಾಡು ಊದುತ್ತಿದ್ದರು. ನಾನು ಊಟದ ಮೇಜಿನಲ್ಲಿ, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, "ಇದು ಸ್ಯಾಕ್ಸೊಫೋನಾ? ಹಟ್ಟಿಯಲ್ಲಿ ಎಮ್ಮೆ ಕೂಗಿದ ಹಾಗೆ ಉಂಟು," ಎಂದೆ. ಎಲ್ಲರೂ ನಕ್ಕರು. ನಿಮ್ಮ ತಂದೆಯ ಕಿವಿಗೂ ಬಿದ್ದಿತ್ತೇನೋ... ಬಿದ್ದಿರಬೇಕು.

ಊಟ ಮುಗಿದು ಸಭಾಂಗಣ ಖಾಲಿಯಾಗುತ್ತಿತ್ತು. ಬ್ಯಾಂಡಿನವರು ವಯರು ಸುತ್ತುತ್ತಿದ್ದರು. ಅವರೊಬ್ಬರು ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಯಾರಿಗೂ ಅಲ್ಲದೆ, ಮೆಲ್ಲಗೆ ಊದುತ್ತಿದ್ದರು. ಹಿಂಜರಿದು ನಾಲ್ಕು ಸ್ವರ. ನಾನು ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಒಂದು ಸ್ವರವೂ ಆಚೀಚೆ ಇರಲಿಲ್ಲ.

"ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ. ಕದ್ದವನನ್ನು ಕೇಳುವ ಧ್ವನಿಯಲ್ಲಿಯೇ ಕೇಳಿದೆ.

ಅವರು ನಕ್ಕರು. "ಎಲ್ಲಿ ಸಿಗುವುದು ಮಾರಾಯ್ರೆ, ನಾನೇ ಊದಿದ್ದಲ್ವಾ. ಬೊಂಬಾಯಿಯಲ್ಲಿ ಇರುವಾಗ. ಯಾವಾಗಲೂ ಊದುವವನಿಗೆ ಆ ದಿನ ಜ್ವರ. ನನ್ನನ್ನು ಕೂರಿಸಿದ್ರು. ರೆಕಾರ್ಡ್ ಸಹ ಬಂದಿತ್ತು. ಕೊನೆಗೆ ಒಂದು ಕಡೆ ಕುಂಯ್ ಅಂತದೆ — ರೀಡ್, ಬಾಯಿ ಇಟ್ಟು ಊದುವಲ್ಲಿನ ಆ ಪಟ್ಟಿ, ಒಡೆದುಹೋಗಿತ್ತು. ಇನ್ನೊಮ್ಮೆ ಊದ್ತೇನೆ ಅಂದೆ, ಟೈಮಿಲ್ಲ ಅಂದ್ರು."

ಒಂದು ಜನಾಂಗದ ಶತಮಾನಗಳ ಕೂಗು! ಒಡೆದ ರೀಡು!

ನನ್ನಲ್ಲಿ ಆ ರೆಕಾರ್ಡು ಇದೆ ಎಂದು ಬಾಯಿ ತಪ್ಪಿ ಹೇಳಿದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು. "ಹೌದಾ? ನಂದು ರೂಮು ಬದಲಿಸುವಾಗ ಕಳೆದುಹೋಯಿತು. ಮನೆಯವರು ಯಾರೂ ಕೇಳಿಲ್ಲ. ಒಂದು ಸಲ ಕೇಳ್ಲಿಕ್ಕೆ ಆಗ್ತದಾ?"

"ನೋಡುವ," ಎಂದೆ. ಅವರ ಹೆಸರು, ಊರು ಕೇಳಿಕೊಂಡು ನನ್ನ ಫೋನ್ ನಂಬರು ಕೊಟ್ಟೆ.

ಮನೆಗೆ ಬಂದು ರೆಕಾರ್ಡು ಹಾಕಿ ಕೇಳಿದೆ. ಉಸಿರು ತೆಗೆದುಕೊಳ್ಳುವ ಜಾಗ, ಸ್ವರವನ್ನು ಕೆಳಗಿನಿಂದ ಜಾರಿಸಿ ತರುವ ಅಭ್ಯಾಸ — ಎಲ್ಲವೂ ಅವರದೇ. ಸಂಶಯಕ್ಕೆ ಜಾಗವಿರಲಿಲ್ಲ. ಸಂತೋಷವಾಗಬೇಕಿತ್ತು, ಅಲ್ಲವೇ? ಇಷ್ಟು ವರ್ಷ ನಾನು ಆರಾಧಿಸಿದ ವಾದಕ ನನ್ನ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ ಬದುಕಿದ್ದಾರೆ! ನನಗೆ ಆದದ್ದು ಅವಮಾನ. ಮಲ್ಲಿಗೆ ಬೆಳೆಯುವ ಮನೆಯ, ಮದುವೆ ಬ್ಯಾಂಡಿನ ಒಬ್ಬ ಕ್ರಿಶ್ಚಿಯನ್ ಪೊರ್ಬು ನನ್ನ ಲೇಖನವನ್ನೂ, ಗೋಡೆಯ ಮೇಲಿನ ಪತ್ರಗಳನ್ನೂ ಒಂದೇ ಮಾತಿನಲ್ಲಿ ಕಸ ಮಾಡಿಬಿಟ್ಟರು — ನನಗೆ ಅನ್ನಿಸಿದ್ದು ಇಷ್ಟೇ. ಅವರು ಎರಡು ಸಲ ಫೋನ್ ಮಾಡಿದರು. ಪ್ಲೇಯರ್ ರಿಪೇರಿಗೆ ಹೋಗಿದೆ ಎಂದೆ. ಪ್ಲೇಯರ್ ನನ್ನ ಎದುರಿನಲ್ಲಿಯೇ ಇತ್ತು. ಮೂರನೆಯ ಸಲ ಅವರು ಮಾಡಲಿಲ್ಲ.

ಆಮೇಲೆ ನೀವು ಬಂದಿರಿ. ತಂದೆಯನ್ನು ಶ್ವಾಸಕೋಶದ ತೊಂದರೆಗೆ ಆಸ್ಪತ್ರೆಯಲ್ಲಿ ಮಲಗಿಸಿ, ವಿಳಾಸ ಹುಡುಕಿಕೊಂಡು, ಏರು ರಸ್ತೆ ನಡೆದೇ ಬಂದಿದ್ದಿರಿ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ಸರ್, ಪಪ್ಪನಿಗೆ ಇನ್ನು ಹೆಚ್ಚು ದಿನ ಇಲ್ಲ ಅಂತ ಹೇಳಿದ್ದಾರೆ. ಅವರು ಊದಿದ ರೆಕಾರ್ಡ್ ನಿಮ್ಮಲ್ಲಿ ಉಂಟಂತೆ. ಮೊಬೈಲಿನಲ್ಲಿ ತುಂಬಿಸಿಕೊಂಡು ಹೋಗಿ ಕೇಳಿಸ್ತೇನೆ. ಐದು ನಿಮಿಷ ಸಾಕು."

ಆ ಹೊತ್ತಿಗೆ ನನ್ನ ಲೇಖನ ಒಂದು ಪುಸ್ತಕದಲ್ಲಿ ಸೇರುವುದಿತ್ತು. ಇದು ಕಾರಣವೆಂದು ಹೇಳುತ್ತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ನಾನು ಎಷ್ಟು ಸಣ್ಣವನಾದೆ ಎನ್ನುವುದು ನಿಮಗೆ ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ.

"ನೋಡಿಯಮ್ಮ," ಎಂದೆ — ಆ 'ಅಮ್ಮ' ನೆನಪಾದರೆ ಈಗಲೂ ಹೇಸಿಗೆಯಾಗುತ್ತದೆ — "ಆ ರೆಕಾರ್ಡಿನಲ್ಲಿ ಇರುವುದು ನಿಮ್ಮ ತಂದೆಯಲ್ಲ. ಅದು ಹೊರದೇಶದ ವಾದಕ, ನಾನು ಅಧ್ಯಯನ ಮಾಡಿದ್ದೇನೆ. ವಯಸ್ಸಾದವರಿಗೆ ಕೆಲವೊಮ್ಮೆ ಹಾಗೆಲ್ಲ ಅನ್ನಿಸುವುದುಂಟು."

ನಿಮ್ಮ ಮುಖ ಕೆಂಪಾಯಿತು. "ಸಾರಿ ಸರ್, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ," ಎಂದಿರಿ. ನೀವು! ನನ್ನ ಹತ್ತಿರ! ತಂದ ಮಲ್ಲಿಗೆಯ ಚೆಂಡನ್ನು ಬೇಡವೆಂದರೂ ಕಟ್ಟೆಯ ಮೇಲೆ ಇಟ್ಟು ಹೋದಿರಿ. ನಾಲ್ಕು ದಿನದ ಮೇಲೆ ಪತ್ರಿಕೆಯ ನಿಧನದ ಪುಟದಲ್ಲಿ ಅವರ ಫೋಟೊ ನೋಡಿದೆ. ಮಣ್ಣಿಗೆ ಬರಲಿಲ್ಲ.

ಹೀಗೆಯೇ ಮುಚ್ಚಿಹೋಗುತ್ತಿತ್ತು. ಹೋದ ತಿಂಗಳು ಆದಿ ಉಡುಪಿಯ ಸಂತೆಯಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ನಾನು ತಪ್ಪಿಸಿಕೊಳ್ಳಲು ನೋಡಿದ್ದು ನಿಮಗೆ ತಿಳಿಯಲಿಲ್ಲ. ಬೆಂಡೆಕಾಯಿ ಆರಿಸುತ್ತಾ ನಗುತ್ತಲೇ ಹೇಳಿದಿರಿ:

"ಪಪ್ಪ ಹಾಗೆಯೇ ಸರ್, ಸ್ವಲ್ಪ ಬಡಾಯಿ. ಆ ದಿನ ಆಸ್ಪತ್ರೆಗೆ ಹೋಗಿ, ಅದು ನೀವಲ್ಲ ಅಂತೆ ಪಪ್ಪ, ಸರ್ ಹೇಳಿದ್ರು ಅಂದೆ. ಆಮೇಲೆ, ಅವರು ತಿಳಿದವರು, ಅವರು ಹೇಳಿದ್ರೆ ಹಾಗೆಯೇ ಇರಬಹುದು ಅಂದ್ರು. ಈಗ ನಮ್ಮ ಮನೆಯಲ್ಲಿ ಮಕ್ಕಳು ಯಾರಾದ್ರೂ ದೊಡ್ಡ ಸುಳ್ಳು ಬಿಟ್ರೆ, ಅಜ್ಜನ ರೆಕಾರ್ಡ್ ಅಂತ ತಮಾಷೆ ಮಾಡ್ತಾರೆ."

ನೀವು ನಕ್ಕಿರಿ. ನಾನೂ ನಕ್ಕೆ. ಹೌದು, ನಿಮ್ಮೊಡನೆ ಸೇರಿ ನಕ್ಕೆ. ಅಲ್ಲಿಯೇ, ಆ ಜನರ ನಡುವೆ, ಹೇಳಿಬಿಡಬಹುದಿತ್ತು —

ಒಬ್ಬ ಮನುಷ್ಯನಿಂದ ಅವನು ಊದಿದ ಸ್ವರವನ್ನೇ ಕಸಿದುಕೊಂಡೆ. ಸಾಯುವ ಹೊತ್ತಿನಲ್ಲಿ ಅವನು ತನ್ನ ನೆನಪನ್ನೇ ಅನುಮಾನಿಸುವ ಹಾಗೆ ಮಾಡಿದೆ. ಬೇರೆಯವರ ಉಸಿರನ್ನು ಕಪಾಟಿನಲ್ಲಿ ಜೋಡಿಸಿಟ್ಟು ನಲವತ್ತು ವರ್ಷ ಮೆರೆದವನು ನಾನು. ಒಂದು ಸ್ವರ ಊದಲು ನನಗೆ ಬರುವುದಿಲ್ಲ.

ಕಳೆದ ಶನಿವಾರ ಗೆಳೆಯರಿಗೆ ಎಲ್ಲವನ್ನೂ ಹೇಳಿದೆ. ಆಮೇಲೆ ಒಬ್ಬ ಡಾಕ್ಟರು, "ಹೋಗಲಿ ಬಿಡಿ ಸರ್, ಮದುವೆ ಬ್ಯಾಂಡಿನವರು, ಅವರಿಗೆ ಅದರ ಬೆಲೆ ಎಲ್ಲಿ ಗೊತ್ತಾಗಬೇಕು," ಎಂದರು. ಸಮಾಧಾನಕ್ಕೆಂದು ಹೇಳಿದ್ದು. ಆದರೆ ಅದು ನನ್ನದೇ ಮಾತು, ನನ್ನದೇ ಧ್ವನಿ. ಆ ಮನುಷ್ಯನಿಗೆ ಹಾಗೆ ಮಾತನಾಡಲು ಕಲಿಸಿದವನು ನಾನು. ಇನ್ನು ಶನಿವಾರ ಬರುವುದು ಬೇಡ ಎಂದು ಎಲ್ಲರನ್ನೂ ಕಳುಹಿಸಿದೆ.

ಪತ್ರಿಕೆಗೂ ಪುಸ್ತಕದವರಿಗೂ ಬರೆದಿದ್ದೇನೆ — ಊದಿದವರು ಯಾರು, ಮರೆಮಾಚಿದವನು ಯಾರು, ಎರಡೂ ಹೆಸರು ಹಾಕಿ. ಅಚ್ಚು ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಈ ಪತ್ರ ತಲುಪಿದ ಮೇಲಿನ ಭಾನುವಾರ, ನೀವು ಪೂಜೆ ಮುಗಿಸಿ ಇಗರ್ಜಿಯಿಂದ ಬರುವ ಹೊತ್ತಿಗೆ, ನಾನು ಇನ್ನಂಜೆಗೆ ಬರುತ್ತೇನೆ. ಪ್ಲೇಯರನ್ನೂ ರೆಕಾರ್ಡನ್ನೂ ತರುತ್ತೇನೆ. ಎರಡೂ ಇನ್ನು ನಿಮ್ಮವು. ನನ್ನನ್ನು ಒಳಗೆ ಕರೆಯುವುದು ಬೇಡ. ಕ್ಷಮಿಸಿ ಎಂದು ಕೇಳುವುದೂ ಇಲ್ಲ. ಮಕ್ಕಳನ್ನು ಮಾತ್ರ ಅಂಗಳಕ್ಕೆ ಕರೆಯಿರಿ. ನಿಮ್ಮ ಅಜ್ಜ ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು ಎಂದು ಅವರ ಎದುರು ನಿಂತು ಹೇಳಬೇಕು. ಅವರು ಏನು ಕೇಳಿದರೂ ಉತ್ತರ ಕೊಡುತ್ತೇನೆ.